ದೊಡ್ಡಮ್ಮನ ಹಸೆಹಾಡು

ಈಗಿನ ಹಾಡುಗಳು ಹಾಳಾದವು ಎಂದು ಯಾರಾದರೂ ಶುರುಮಾಡಿದರೆ ನಾನು ಎದ್ದು ಒಳಗೆ ಹೋಗುತ್ತೇನೆ. ಆ ಮಾತಿಗೆ ಒಮ್ಮೆ ಉತ್ತರ ಕೊಟ್ಟವಳು ನಾನು.

ನಲವತ್ತರ ದಶಕದ ಮಾತು. ಮೆಣಸೆಯ ನಮ್ಮ ತವರಿನಲ್ಲಿ ಮದುಮಗಳನ್ನು ಹಸೆಗೆ ಕರೆಯುವ ಹಾಡು ದೊಡ್ಡಮ್ಮನದೇ. ಅವಳು ಹಾಡದೆ ಯಾವ ಹುಡುಗಿಯೂ ಕೋಣೆಯಿಂದ ಹೊರಗೆ ಕಾಲಿಡುತ್ತಿರಲಿಲ್ಲ. ಆ ಧಾಟಿ ತನ್ನ ಅಜ್ಜಿಯಿಂದ ಬಂದದ್ದು, ಅದಕ್ಕೊಂದು ಮಡಿಯಿದೆ ಎನ್ನುತ್ತಿದ್ದಳು. ನಾನೋ, ಕೊಪ್ಪಕ್ಕೆ ಮದುವೆಯಾಗಿ ಹೋಗಿ ಟಾಕಿ ಸಿನಿಮಾದ ಹಾಡುಗಳ ರುಚಿ ಹತ್ತಿಸಿಕೊಂಡವಳು. ದೊಡ್ಡಮ್ಮನ ಮಗಳ, ಅಂದರೆ ನನ್ನ ತಂಗಿಯ, ನಿಶ್ಚಿತಾರ್ಥದಲ್ಲಿ ದೇವರ ಹಾಡೊಂದನ್ನು ಟಾಕಿಯ ಧಾಟಿಗೆ ಕೂಡಿಸಿ ಹಾಡಿದೆ. ಗಂಡಿನ ಕಡೆಯವರ ಎದುರಿಗೇ ದೊಡ್ಡಮ್ಮ ತಡೆದಳು.

"ಎಂತ ಹಾಡೇ ಅದು? ಈಗಿನ ಹಾಡಿಗೆ ಮಾನ ಮರ್ಯಾದೆ ಒಂದೂ ಇಲ್ಲೆ. ಸಾಕು, ನಿಲ್ಸು."

ಮುಖಕ್ಕೆ ಹೊಡೆದ ಹಾಗಾಯಿತು. ಅಂಥದ್ದನ್ನು ಮರೆಯುವ ಜಾಯಮಾನ ನನ್ನದಲ್ಲ.

ಮದುವೆಗೆ ಎಂಟು ದಿನವಿರುವಾಗ ಗಂಡನ ಗ್ರಾಮಫೋನು ಹೊರಿಸಿಕೊಂಡು ತವರಿಗೆ ಹೋದೆ. ಜೊತೆಗೆ ನರಸಿಂಹರಾಜಪುರದಲ್ಲಿ ಸಿಕ್ಕ ಹಳೆಯ ನಾಟಕದ ಪ್ಲೇಟು. ಅದರಲ್ಲಿ ಏನಿದೆಯೆಂದು ಗೊತ್ತಿದ್ದೇ ತಂದಿದ್ದೆ. ಮಧ್ಯಾಹ್ನ ಹೆಂಗಸರೆಲ್ಲ ಜಗಲಿಯಲ್ಲಿ ಹಪ್ಪಳ ಒತ್ತುತ್ತಿದ್ದಾಗ ಕೀ ಕೊಟ್ಟು ಮುಳ್ಳು ಇಟ್ಟೆ. ಮೊದಲು ಬರೀ ಹಾರ್ಮೋನಿಯಂ. ದೊಡ್ಡಮ್ಮನ ಲಟ್ಟಣಿಗೆ ತಾಳಕ್ಕೆ ಸರಿಯಾಗಿ ಉರುಳತೊಡಗಿತು.

"ಹಾಡು ಅಂದ್ರೆ ಇದು, ನೋಡು" ಎಂದು ತಾನೂ ಗುನುಗಿದಳು.

ಆಮೇಲೆ ಮಾತು ಬಂತು. ದೋಸೆ ಕದ್ದು ಸಿಕ್ಕಿಬಿದ್ದ ಹಾಸ್ಯಗಾರನೊಬ್ಬ ಹೆಂಡತಿಯ ಪೊರಕೆ ಏಟಿಗೆ ಕುಣಿಯುತ್ತ ಹಾಡುತ್ತಿದ್ದ. ಧಾಟಿ ದೊಡ್ಡಮ್ಮನ ಹಸೆಹಾಡಿನದೇ, ಎಳ್ಳಷ್ಟೂ ವ್ಯತ್ಯಾಸವಿಲ್ಲ.

"ನಿನ್ನಜ್ಜಿ ಯಾವ ಕಂಪನಿಲಿ ವೇಷ ಹಾಕ್ತಿದ್ರು ದೊಡ್ಡಮ್ಮ?" ಎಂದೆ.

ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ನಿಲ್ಲುವ ಹೊತ್ತಿಗೆ ನಾನು ಪ್ಲೇಟನ್ನು ಮತ್ತೆ ಮೊದಲಿನಿಂದ ಹಚ್ಚಿದೆ. ದೊಡ್ಡಮ್ಮ ಕೈಗೆ ಮೆತ್ತಿದ ಹಿಟ್ಟನ್ನೇ ನೋಡುತ್ತಿದ್ದಳು.

"ಸಣ್ಣೋಳಿದ್ದಾಗ ಅಣ್ಣನ ಸಂಗಡ ಒಂದು ನಾಟಕಕ್ಕೆ ಹೋಗಿದ್ದೆ. ಅಲ್ಲಿಂದ ಬಂತೇನೋ. ನಂಗೆ ಅಜ್ಜಿದು ಅಂತಲೇ ನೆನಪು."

ಅವಳು ಸುಳ್ಳು ಹೇಳಿರಲಿಲ್ಲ. ನಲವತ್ತು ವರ್ಷದಲ್ಲಿ ಹಾಸ್ಯಗಾರನ ಹಾಡಿಗೂ ಮಡಿ ಬಂದಿತ್ತು, ಅಷ್ಟೇ. ಅಲ್ಲಿಗೆ ಬಿಡಬಹುದಿತ್ತು, ಬಿಡಲಿಲ್ಲ.

"ಹಾಡು ಕೆಟ್ಟದ್ದಲ್ಲ ದೊಡ್ಡಮ್ಮ, ನಿನ್ನ ಕಿವಿಗೆ ವಯಸ್ಸಾಗಿದ್ದು" ಎಂದೆ. ನನಗೆ ಬಹಳ ಖುಷಿಯಾಗಿತ್ತು.

ಮದುವೆಯ ದಿನ ಹಸೆ ಸಿದ್ಧವಾಯಿತು. ತಂಗಿ ಕೋಣೆಯ ಬಾಗಿಲ ಹಿಂದೆ ನಿಂತು, "ಅಮ್ಮ ಕರೀಲಿ, ಬತ್ತೆ" ಎಂದಳು. ದೊಡ್ಡಮ್ಮ ಗಂಟಲು ಸರಿಮಾಡಿಕೊಂಡು ಬಾಯಿ ತೆರೆದಳು. ಹಿಂದೆ ಯಾರೋ ಕಿಸಕ್ಕೆಂದರು. ತೆರೆದ ಬಾಯಿ ಮುಚ್ಚಿತು. ತಂಗಿ ಒಳಗಿನಿಂದ ಎರಡು ಸಲ "ಅಮ್ಮಾ" ಎಂದಳು. ಪುರೋಹಿತರು ಮುಹೂರ್ತ ಮೀರುತ್ತದೆಂದು ಗದರಿದರು.

ನಾನೇ ಹಾಡಿದೆ, ಟಾಕಿಯ ಧಾಟಿಯಲ್ಲಿ. ತಂಗಿ ಅಳುತ್ತ ಹೊರಗೆ ಬಂದಳು. ಮದುಮಗಳು ಅಳುವುದು ವಾಡಿಕೆ. ಏಕೆಂದು ಯಾರೂ ಕೇಳಲಿಲ್ಲ.