ಹೆಗಲಿಗೆ ಕಟ್ಟಿದ ಬಿದಿರುಕೋಲು

ಮೊದಲ ನಮಸ್ಕಾರ ಮಣ್ಣಿಗೆ ಸಲ್ಲಬೇಕು. ಐ.ಡಿ.ಹಳ್ಳಿಗೆ ಸಮೀಪದ ಶಾಲೆಯೊಂದರ ಹಿಂದಿನ ಬಯಲಿನಲ್ಲಿ ಎಷ್ಟೋ ಮಕ್ಕಳ ಮೊಣಕಾಲು ಸುಲಿದು, ಅಷ್ಟೂ ಮಕ್ಕಳನ್ನು ಮತ್ತೆ ಎಬ್ಬಿಸಿ ಓಡಿಸಿದ ಕೆಂಪು ಮಣ್ಣಿಗೆ. ಬಳಿಕ ನನಗೆ ಅಕ್ಷರವಿತ್ತ ಗುರುಗಳಿಗೆ. ಬಳಿಕ, ಆಟವೂ ಒಂದು ವಿದ್ಯೆಯೆಂದು ತಡವಾಗಿಯಾದರೂ ನನಗೆ ತಿಳಿಸಿಕೊಟ್ಟ ಭಗವಂತನಿಗೆ.

ನಾನು ಆ ಶಾಲೆಯಲ್ಲಿ ಕನ್ನಡ ಪಂಡಿತನಾಗಿದ್ದೆ. ವ್ಯಾಯಾಮದ ಮೇಷ್ಟ್ರು ಇರಲಿಲ್ಲವಾದ್ದರಿಂದ ಸೀಟಿಯೂ ನನ್ನ ಕೊರಳಿಗೇ ಬಿತ್ತು. ಖೋ ಖೋ ಆಟದ ನಿಯಮಗಳನ್ನು ವ್ಯಾಕರಣ ಸೂತ್ರಗಳಂತೆ ಬಾಯಿಪಾಠ ಮಾಡಿಕೊಂಡು ಹಾಗೆಯೇ ಕಲಿಸಿದೆ. ಅಟ್ಟಿಸಿಕೊಂಡು ಹೋಗುವವನು ಒಂದು ದಿಕ್ಕು ಹಿಡಿದ ಮೇಲೆ ಕಂಬ ದಾಟುವವರೆಗೆ ಹಿಂದಿರುಗಬಾರದು. ಹೆಗಲು ತಿರುಗಿದರೂ ತಪ್ಪು. ಆ ಸೂತ್ರದ ಮೇಲೆ ನನಗೆ ವಿಶೇಷ ಭಕ್ತಿಯಿತ್ತು.

ಕುರಿ ಕಾಯುವ ಮನೆಯ ಹುಡುಗನೊಬ್ಬನಿದ್ದ. ಅವನಷ್ಟು ವೇಗವಾಗಿ ಓಡುವವನನ್ನು ನಾನು ಕಂಡಿಲ್ಲ. ಆದರೆ ನಾಲ್ಕು ಹೆಜ್ಜೆಗೊಮ್ಮೆ ಹಿಂದಕ್ಕೆ ನೋಡುವನು. ಕುರಿ ಚದುರಿತೇ ಎಂದು ನೋಡಿ ನೋಡಿ ಅಂಟಿದ ಅಭ್ಯಾಸ ಅದು. ಅವನದೇ ಬಿದಿರುಕೋಲನ್ನು ಎರಡು ಹೆಗಲಿಗೂ ಅಡ್ಡಲಾಗಿ ಇಟ್ಟು ಟವೆಲಿನಿಂದ ಕಟ್ಟಿದೆ. ಹೆಗಲು ತಿರುಗಿದರೆ ಕೋಲು ಸಾಲಿನಲ್ಲಿ ಕೂತ ಹುಡುಗರ ತಲೆಗೆ ಬಡಿಯುತ್ತಿತ್ತು. "ಲೇ, ನನ್ ತಲೆ ಏನ್ ತೆಂಗಿನ್‌ಕಾಯೇನ್ಲಾ?" ಎಂದು ಅವರು ಬಯ್ಯುವರು. ಎರಡು ವರ್ಷ ಹೀಗೆ ಓಡಿಸಿದೆ. ಹೆಗಲು ತಿರುಗುವುದನ್ನು ಮರೆಯಿತು.

ಆ ವಿದ್ಯೆಯಿಂದಲೇ ಅವನು ಸಂಬಳ ಕೊಡುವ ಖೋ ಖೋ ತಂಡವೊಂದರಲ್ಲಿ ನಾಲ್ಕು ವರ್ಷ ಆಡಿದ. ಆಮೇಲೆ ಅವನ ವೇಗ ನೋಡಿ ಕಬಡ್ಡಿ ತಂಡದವರು ಕರೆದರು. ಎದುರಾಳಿಗಳಿಗೆ ಮುಖ ಕೊಟ್ಟೇ ಹಿಂದೆ ಸರಿದು ಬರುತ್ತಿದ್ದುದರಿಂದ ಅಲ್ಲಿಯೂ ಒಂದು ವರ್ಷ ಚೆನ್ನಾಗಿಯೇ ನಡೆಯಿತು.

ಎರಡನೆಯ ವರ್ಷದ ನಿರ್ಣಾಯಕ ಪಂದ್ಯವನ್ನು ನಾನು ಶಿರಾದಲ್ಲಿ, ಅವನ ಅಕ್ಕನ ಮನೆಯ ಟಿ.ವಿ.ಯಲ್ಲಿ ನೋಡಿದೆ. ಕಡೆಯ ರೈಡು ಅವನದು. ಒಬ್ಬನನ್ನು ಮುಟ್ಟಿದ, ಇನ್ನು ತಿರುಗಿ ನಡುಗೆರೆ ಮುಟ್ಟಿದರೆ ಗೆಲುವು. ಅವನು ತಿರುಗಲಿಲ್ಲ. ಮುಂದಕ್ಕೇ ಓಡಿ ಎದುರು ತಂಡದ ಹಿಂಗೆರೆ ದಾಟಿ ಹೊರಗೆ ನಿಂತ.

"ಲೇ ಇತ್ತಾಗ್ ಬಾರ್ಲಾ! ಎತ್ತಾಗ್ ಓಡ್ತಿದೀಯ?" ಅಕ್ಕ ಟಿ.ವಿ.ಗೆ ಕೂಗಿದಳು. ಆಮೇಲೆ ನನ್ನ ಕಡೆ ತಿರುಗಿ, "ಏನಾಯ್ತು ಮೇಷ್ಟ್ರೇ ಇವುನ್ಗೆ?" ಎಂದಳು.

ಏನಾಯಿತೆಂಬುದು ಆ ಕೋಣೆಯಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ದುಃಖವಾಯಿತೆಂದು ಬರೆದರೆ ಸುಳ್ಳಾದೀತು. ಚಹಾದ ಮೇಲೆ ಕೆನೆ ಕಟ್ಟಿತ್ತು. ಅದನ್ನು ಬೆರಳಿನಿಂದ ಸರಿಸಿ ಕುಡಿದೆ.

ತಂಡದವರು ಅವನನ್ನು ಒಮ್ಮೆಗೇ ಕೈಬಿಡಲಿಲ್ಲ. ನಲವತ್ತು ದಿನಗಳ ಬಳಿಕ ಶಿಬಿರಕ್ಕೆ ಬಂದು ಆಡಿ ತೋರಿಸಬೇಕು, ಆಮೇಲೆ ಇಟ್ಟುಕೊಳ್ಳುವುದೋ ಕಳಿಸುವುದೋ ಹೇಳುತ್ತೇವೆ ಎಂದರು. ಅವನು ನೇರವಾಗಿ ಮಧುಗಿರಿಯ ನಮ್ಮ ಮನೆಗೆ ಬಂದ. ಜಗಲಿಯ ಮೇಲೆ ಕೂತ.

"ಮೇಷ್ಟ್ರೇ, ತಿರುಗ್ಬೇಕು ಅಂತ ತಲೆಗ್ ಗೊತ್ತು. ಮೈಗ್ ಗೊತ್ತಾಗ್ಲಿಲ್ಲ."

"ತಿಳಿಯಿತಪ್ಪ."

"ಕೋಲು ಕಟ್ಟಿದ್ ನೀವು. ಬಿಚ್ಚೋದೂ ನೀವೇ ಬಿಚ್ಬುಡಿ."

ಮರುದಿನದಿಂದ ಬೆಳಗಿನ ಜಪ ಮುಗಿಸಿ ಬೆಟ್ಟದ ಕೆಳಗಿನ ಮೈದಾನದಲ್ಲಿ ನಿಲ್ಲತೊಡಗಿದೆ. ಅವನು ಓಡುವನು, ನಾನು ನಡುಗೆರೆಯ ಮೇಲೆ ನಿಂತು ಸೀಟಿ ಊದುವೆನು, ಅವನು ತಿರುಗಬೇಕು. ಹತ್ತು ದಿನ ತಿರುಗಲೇ ಇಲ್ಲ. ಆಗ ನನಗೊಂದು ಉಪಾಯ ಹೊಳೆಯಿತು. ಸೀಟಿಯನ್ನು ಜೇಬಿಗಿಟ್ಟು, ಅವರ ಮನೆಯವರು ಕುರಿಗಳನ್ನು ಕರೆಯುವಂತೆ "ಟುರ್‍ರ್, ಬಾ ಬಾ" ಎಂದು ಕೂಗಿದೆ. ನನ್ನ ಬಾಯಲ್ಲಿ ಅದು ಬಲು ಕೆಟ್ಟದಾಗಿ ಬಂತು. ಅವನ ಹೆಗಲು ಥಟ್ಟನೆ ತಿರುಗಿತು. ಹಾಲಿನವನು ಸೈಕಲ್ ನಿಲ್ಲಿಸಿ, "ಏನ್ ಸ್ವಾಮೇರೆ, ಈ ವಯಸ್ನಾಗೆ ಕುರಿ ಸಾಕಿದ್ರಾ?" ಎಂದ. ಉಳಿದ ಮೂವತ್ತು ದಿನವೂ ಹಾಗೆಯೇ ಕೂಗಿದೆ.

ಶಿಬಿರದಲ್ಲಿ ಅವನು ಪ್ರತಿಸಲವೂ ತಿರುಗಿ ಬಂದನಂತೆ. ಮತ್ತೆರಡು ವರ್ಷಕ್ಕೆ ಇಟ್ಟುಕೊಂಡರು. ಕೊರಟಗೆರೆಯ ಬಸ್ ನಿಲ್ದಾಣದಿಂದ ಫೋನ್ ಮಾಡಿ, "ಇಟ್ಕಂಡ್ರು ಮೇಷ್ಟ್ರೇ" ಎಂದ. "ಸಂತೋಷ" ಎಂದೆ. ಆ ಪದವನ್ನು ಹೇಳಿದೆನೆಂಬುದು ನೆನಪಿದೆ, ಸಂತೋಷದ ನೆನಪಿಲ್ಲ.

ಆ ತಿಂಗಳೇ ಪಾವಗಡದ ಕಡೆಯ ರಾಯಚರ್ಲುವಿನಲ್ಲಿ ಮಕ್ಕಳಿಗೆ ಖೋ ಖೋ ತೋರಿಸಿಕೊಡಬೇಕೆಂದು ನಮ್ಮಿಬ್ಬರನ್ನೂ ಕರೆದಿದ್ದರು. ಸೋಲಾರ್ ಬೇಲಿಯ ಪಕ್ಕದ ಬಯಲು. ಎಂಟು ಮಕ್ಕಳು ಸಾಲಾಗಿ ಕೂತರು. ಅವನು ಒಬ್ಬ ಹುಡುಗಿಯ ಹಿಂದೆ ಓಡಿದ. ಅವಳು ಸಾಲಿನ ನಡುವೆ ನುಸುಳಿದಳು. ಅವನ ಹೆಗಲು ತಿರುಗಿಬಿಟ್ಟಿತು.

"ಅಣ್ಣಾ, ವೆನಕ್ಕಿ ತಿರಗಕೂಡದು!" ಹುಡುಗಿ ನಗುತ್ತಾ ತನ್ನ ತೆಲುಗಿನಲ್ಲಿ ಕೂಗಿ, ಹಿಂದೆ ತಿರುಗಬಾರದೆಂಬ ಸೂತ್ರವನ್ನು ಅವನಿಗೇ ಹೇಳಿದಳು. ಬಳಿಕ ನನ್ನನ್ನು ನೋಡಿ, "ಸಾರ್, ಈ ಅಣ್ಣಂಗೆ ರೂಲ್ಸೇ ಗೊತ್ತಿಲ್ಲ!" ಎಂದಳು.

ಸೀಟಿ ನನ್ನ ಕೈಯಲ್ಲಿತ್ತು. ಊದಿದೆ. ತಪ್ಪು ತಪ್ಪೇ. ಅವನು ಮತ್ತೊಮ್ಮೆ ಓಡಿದ, ಮತ್ತೆ ತಿರುಗಿದ. ನಾನು ಮತ್ತೆ ಊದಿದೆ. ಮೂರನೆಯ ಸಲ ಓಡದೆ, ಸಾಲಿನ ಕೊನೆಗೆ ಹೋಗಿ ಮಕ್ಕಳ ನಡುವೆ ಕೂತುಬಿಟ್ಟ. ನನ್ನ ಮುಖ ನೋಡಲಿಲ್ಲ. ನಾನು ಕೊಟ್ಟ ವಿದ್ಯೆಯನ್ನು ನಾನೇ ತೆಗೆದುಕೊಂಡಿದ್ದೆ. ಅವನ ಕಬಡ್ಡಿಯ ಅನ್ನಕ್ಕೆ ಹಾಗೆ ತೆಗೆಯಲೇಬೇಕಿತ್ತು. ಎದೆಯಲ್ಲಿ ಏನಾದರೂ ಆದೀತೆಂದು ಕಾದು ನಿಂತೆ. ಬಿಸಿಲು ಮಾತ್ರ ತಿಳಿಯುತ್ತಿತ್ತು.

ಆ ಹುಡುಗಿಯ ಕಾಲುಗಳಿಗೆ ಬಲವಿರಲಿ. ಕೋಲಿನ ಏಟು ತಿಂದು ಬಯ್ದ ಆ ಮಕ್ಕಳೆಲ್ಲ ಇದ್ದಲ್ಲಿ ಸುಖವಾಗಿರಲಿ. ಶಿರಾದ ಆ ಅಕ್ಕನ ಮನೆ ತಂಪಾಗಿರಲಿ. ಅವನೊಬ್ಬನ ಹೆಜ್ಜೆಯಿಂದ ಅಂದು ಸೋತ ಆಟಗಾರರಿಗೂ ಗೆದ್ದವರಿಗೂ ಒಳಿತಾಗಲಿ. ನನ್ನ ಶಿಷ್ಯನು ಹೋದ ಪ್ರತಿಸಲವೂ ನಡುಗೆರೆಗೆ ಮರಳಿ ಬರಲಿ.