ಹಲ್ಲು ತೋರಿಸದ ನಾಯಿ

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಮೂವತ್ತು ವರ್ಷದಿಂದ ಬೋರ್ಡು ಬರೆಯುತ್ತಿದ್ದಾರೆ. ಪಕ್ಕದಲ್ಲೇ ನನ್ನದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ಬೀದಿಯ ಅರ್ಧದಷ್ಟು ಷಟರುಗಳ ಮೇಲೆ ಇರುವುದು ಭಾವನ ಅಕ್ಷರವೇ. ಮೂಲೆಯಲ್ಲಿ ಸಹಿ ಹಾಕಲು ಮಾತ್ರ ಯಾವ ಗಿರಾಕಿಯೂ ಬಿಟ್ಟಿಲ್ಲ. ಸಾಯುವುದರೊಳಗೆ ಒಂದೇ ಒಂದು ಚಿತ್ರಕ್ಕೆ ಸಹಿ ಹಾಕಬೇಕೆಂಬ ಆಸೆಯನ್ನು ಅವರು ಚಹಾದ ಜೊತೆ ನನಗೆ ದಿನಾ ಕುಡಿಸುತ್ತಿದ್ದರು.

ಒಂದು ಬೆಳಿಗ್ಗೆ ಕುರಿಗಾಹಿಯೊಬ್ಬ ನನ್ನ ಅಂಗಡಿಗೆ ಬಂದ. ಅವನ ನಾಯಿಗೆ ವಯಸ್ಸಾಗಿತ್ತು; ಅದು ಕುರಿ ಅಟ್ಟುತ್ತಿರುವ ಚಿತ್ರವೊಂದು ಗೋಡೆಗೆ ಬೇಕಂತೆ. ಬಂದ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸುವವನು ನಾನಲ್ಲ. ಚಿತ್ರ ಭಾವನಿಗೆ, ಕಟ್ಟು ನನಗೆ ಎಂದು ಅಲ್ಲೇ ಹಂಚಿಬಿಟ್ಟೆ.

ವಾರದಲ್ಲಿ ಚಿತ್ರ ಸಿದ್ಧವಾಯಿತು. ಕುರಿಗಾಹಿ ಬಹಳ ಹೊತ್ತು ನೋಡಿದ.

“ಇದ್ಯಾಕೆ ನನ್ನನ್ನೇ ಕಚ್ಚೋಕೆ ಬರ್ತಿದೆ?”

ಅವನು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಭಾವ ಜೀವಮಾನದಲ್ಲಿ ಬರೆದದ್ದು ಒಂದೇ ನಾಯಿ, ಗೇಟಿಗೆ ತೂಗುಹಾಕುವ ‘ನಾಯಿ ಇದೆ, ಎಚ್ಚರಿಕೆ’ ನಾಯಿ. ಅದೇ ಕೋರೆಹಲ್ಲು, ಅದೇ ಕೆಂಪು ನಾಲಿಗೆ. ಅದರ ಹಿಂದೆ ಇಪ್ಪತ್ತು ಕುರಿಗಳು ತಮಗೂ ಅದಕ್ಕೂ ಸಂಬಂಧವೇ ಇಲ್ಲವೆಂಬಂತೆ ಮೇಯುತ್ತಿದ್ದವು.

“ನಮ್ಮದು ಹಲ್ಲು ತೋರಿಸಲ್ಲ ಸ್ವಾಮಿ. ತಲೆ ತಗ್ಗಿಸಿ ಸುಮ್ಮನೆ ಒಂದು ಸಲ ನೋಡುತ್ತೆ, ಅಷ್ಟೇ. ಕುರಿ ತಾನಾಗೇ ತಿರುಗುತ್ತೆ.”

ಭಾವ ಹಲ್ಲಿನ ಮೇಲೆ ಬಣ್ಣ ಬಳಿದರು. ಬಾಯಿ ಮುಚ್ಚಿದ ನಾಯಿ ಈಗ ಹಲ್ಲುನೋವು ಬಂದಂತೆ ಕಾಣಿಸಿತು. ಅದೂ ವಾಪಸ್ ಬಂತು.

“ಇನ್ನೊಂದು ಸಲ ವಾಪಸ್ ಬಂದ್ರೆ ಚಿತ್ರದ ಮಾತೇ ಎತ್ತಬಾರದು. ಬೋರ್ಡು ಬರ್ಕೊಂಡು ಇರಿ,” ಎಂದಳು ಅಕ್ಕ.

ಮರುದಿನ ಭಾವ ಬಿಳಿ ಹಲಗೆಯ ಮುಂದೆ ತಲೆ ಕೆರೆದುಕೊಳ್ಳುತ್ತ ಕೂತಿದ್ದರು. “ಅಲ್ಲ ಕಣಯ್ಯ, ಬರೀ ನೋಟದಲ್ಲೇ ಯಾರಾದ್ರೂ ಹೆದರ್ತಾರಾ?”

ಅಷ್ಟರಲ್ಲಿ ಅಕ್ಕ ಬಾಗಿಲಿಗೆ ಬಂದು ನಿಂತಳು. ಊಟದ ಹೊತ್ತು ಮೀರಿತ್ತು. ಅವಳು ಬಾಯಿ ತೆರೆಯಲಿಲ್ಲ. ತಲೆ ಸ್ವಲ್ಪ ತಗ್ಗಿಸಿ ನೋಡಿದಳು. ಭಾವ ಕುಂಚ ಇಟ್ಟು, ಗೋಡೆ ಸವರಿಕೊಂಡು, ನೆಟ್ಟಗೆ ಕೈ ತೊಳೆಯಲು ಹೋದರು. ನಾನೂ ಎದ್ದೆ; ನನ್ನನ್ನು ಯಾರೂ ಊಟಕ್ಕೆ ಕರೆದಿರಲಿಲ್ಲ. ಬೇಸಿನ್ನಿನ ಮೇಲಿನ ಕನ್ನಡಿಯಲ್ಲಿ ಭಾವ ತಮ್ಮ ಮುಖವನ್ನು ನೋಡಿದವರು ನಲ್ಲಿ ತಿರುಗಿಸುವುದನ್ನೇ ಮರೆತರು.

ಹೊಸ ಚಿತ್ರದಲ್ಲಿ ನಾಯಿಯ ಮುಖವೇ ಇಲ್ಲ. ನಮಗೆ ಬೆನ್ನು ಹಾಕಿ ತಗ್ಗಿ ನಿಂತಿದೆ. ಕಾಣುವುದು ಎರಡು ಕಿವಿ, ಒಂದು ಬಾಲ. ಎದುರಿಗೆ ಇಪ್ಪತ್ತು ಕುರಿಗಳು, ಮಾಡದ ತಪ್ಪನ್ನೂ ಒಪ್ಪಿಕೊಂಡ ಮುಖ ಹೊತ್ತು, ಮೆಲ್ಲಗೆ ದೊಡ್ಡಿಯ ಕಡೆ ತಿರುಗುತ್ತಿವೆ.

ಕುರಿಗಾಹಿಯ ಮುಖ ಅರಳಿತು. “ಇದು ನಮ್ಮದೇ. ಕುರಿ ಮುಖ ನೋಡಿದ್ರೆ ಸಾಕು, ಎದುರಿಗಿರೋದು ಯಾರು ಅಂತ ಗೊತ್ತಾಗುತ್ತೆ.”

ಭಾವ ಮೂಲೆಯ ಕುರಿಯ ಕಾಲಡಿ ಸಹಿ ಹಾಕಿದರು. ಅಕ್ಕ ಕೈ ಒರೆಸಿಕೊಳ್ಳುತ್ತ ಬಂದು, ಇಪ್ಪತ್ತು ಮುಖಗಳನ್ನೂ ಒಂದೊಂದಾಗಿ ನೋಡಿ, ಆಮೇಲೆ ಗಂಡನನ್ನು ನೋಡಿದಳು.

“ಸಹಿ ಬೇರೆ ಯಾಕೆ ಬೇಕಿತ್ತು? ಮುಖಾನೇ ಹಾಕಿದ್ದೀರಲ್ಲ.”