ಒಗ್ಗರಣೆ ಹಾಕದ ಒಂಬತ್ತು ದಿನ

ಸಾಸಿವೆ ಚಟಪಟ ಅನ್ನುತ್ತಿತ್ತು, ಕರಿಬೇವು ಕೈಯಲ್ಲೇ ಇತ್ತು. ಅಷ್ಟರಲ್ಲಿ ಹೂವಿನಹಡಗಲಿಯಿಂದ ಫೋನು. ಗೋಡೆಯಾಚೆ ಮನೆಯ ದೊಡ್ಡಮ್ಮನ ಮಗಳು. "ಅವ್ವ ಹೋದ್ಲಕ್ಕ, ಮುಂಜಾನಿ..." ಎಂದಳು. ಒಲೆ ಆರಿಸಿದೆ. ಸೀದ ಸಾಸಿವೆಯ ವಾಸನೆ ಅಡುಗೆಮನೆಯಲ್ಲೇ ನಿಂತಿತು.

ಕೂಡ್ಲಿಗಿಯ ಈ ಮನೆಗೆ ನಾನು ಸೊಸೆಯಾಗಿ ಬಂದಾಗ ಮೊದಲು ಮಾತಾಡಿಸಿದವಳು ದೊಡ್ಡಮ್ಮ. ರೋಗಗಳ ಹೆಸರೆಲ್ಲ ಆಕೆಗೆ ನೆಂಟರ ಹೆಸರಿದ್ದಂತೆ. ಯಾವುದಕ್ಕೆ ಯಾವ ಹೆಸರು ಯಾಕೆ ಬಂತೆಂದು ಹೇಳುತ್ತಿದ್ದಳು. ನನ್ನ ಗಂಡನಿಗೆ ಮಂಗನಬಾವು ಆದಾಗ ಹೊಸ್ತಿಲಲ್ಲೇ ನಿಂತು ನಕ್ಕಿದ್ದಳು: "ಮಂಗ್ಯಾ ಎರಡೂ ಗಲ್ಲದಾಗ ಶೇಂಗಾ ತುಂಬಿಕೊಂಡಂಗ ಆಗೈತಿ ಮಾರಿ. ಮತ್ತೇನಂತ ಹೆಸರಿಡ್ಬೇಕಿತ್ತಪ?"

ನನ್ನ ಮಗಳಿಗೆ ನಾಲ್ಕು ವರ್ಷವಿದ್ದಾಗ ಮೈತುಂಬ ಗುಳ್ಳೆ ಎದ್ದವು. "ಅಮ್ಮ ಬಂದಾಳ, ಅಳಬ್ಯಾಡ" ಎಂದಳು ದೊಡ್ಡಮ್ಮ. ಇಂಥ ಸುಡುವ ರೋಗಕ್ಕೆ ಅಮ್ಮ ಅನ್ನುವುದೇಕೆಂದು ಕೇಳಿದ್ದೆ.

"ತಾಯಿ ಅಂತ ಕರದ್ರ ಕೂಸಿನ ಮ್ಯಾಲ ಕೈ ಎತ್ತಾಕ ಆಕಿಗೂ ಮನಸ್ಸು ಬರಂಗಿಲ್ಲ, ಅದಕ್ಕ."

ಅಮ್ಮ ಬಂದ ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ. ನಾನು ಹಾಕಲಿಲ್ಲ, ಸರಿ. ಆ ಒಂಬತ್ತು ದಿನ ಆಕೆಯ ಮನೆಯಿಂದಲೂ ಒಗ್ಗರಣೆಯ ಘಾಟು ಬರಲಿಲ್ಲ. ವಾಸನೆ ಗೋಡೆ ದಾಟಿದರೆ ಕೂಸಿಗೆ ಕಷ್ಟವೆಂದು ತಾನೂ ಸಪ್ಪೆ ಸಾರುಂಡಿದ್ದಳು, ಬಾಯಿಬಿಟ್ಟು ಹೇಳಲಿಲ್ಲ. ಮಗಳು ಉಳಿದಳು. ಹಣೆಯ ಮೇಲೊಂದೇ ಕಲೆ, ಅದೂ ಕುಂಕುಮದಲ್ಲಿ ಮುಚ್ಚಿಹೋಗುತ್ತದೆ. ಅಷ್ಟು ದಯೆ ಸಾಕೆಂದು ಊರಮ್ಮನಿಗೆ ಉಡಿ ತುಂಬಿ ಬಂದೆ.

ಹೋದ ವರ್ಷ ನಾನು ಪಾತ್ರೆ ಬೆಳಗುತ್ತಿದ್ದಾಗ ದೊಡ್ಡಮ್ಮ ಬಂದು, ಎದೆಯ ಪಕ್ಕ ಕೈಯಿಟ್ಟುಕೊಂಡು "ಇಲ್ಲೊಂದು ಗಂಟೈತಿ" ಎಂದಳು. ದವಾಖಾನೆಗೆ ತೋರಿಸು ಎಂದೆ.

"ತೋರ್ಸಿದ್ರ ಡಾಕ್ಟ್ರು ಅದಕ್ಕೊಂದು ಹೆಸರಿಡ್ತಾರ. ಹೆಸರು ಬಂತಂದ್ರ ಮನ್ಯಾಗ ಕುಂತುಬಿಡ್ತೈತಿ ಯವ್ವ. ಬಿಡು."

ಊರವರ ರೋಗವನ್ನೆಲ್ಲ ಹೆಸರು ಹಿಡಿದು ಮಾತಾಡಿಸಿದವಳು ತನ್ನದನ್ನು ಮಾತ್ರ... ನನಗೆ ಹೆಸರು ಗೊತ್ತಿತ್ತು. ನನ್ನ ಬಾಯಿಗೂ ಬರಲಿಲ್ಲ. ಏಳು ತಿಂಗಳು ಇಬ್ಬರೂ ಗಂಟು, ಗಂಟು ಎನ್ನುತ್ತಲೇ ಕಳೆದೆವು. ಆಕೆಯ ಮಗಳು ಬಂದು ಹಡಗಲಿಗೆ ಕರೆದೊಯ್ಯುವ ಹೊತ್ತಿಗೆ ಡಾಕ್ಟರಿಗೆ ಮಾಡಲು ಏನೂ ಉಳಿದಿರಲಿಲ್ಲ. ಅಂದೇ ನಾನು ಕ್ಯಾನ್ಸರ್ ಇರಬಹುದು ಎಂದುಬಿಟ್ಟಿದ್ದರೆ, ನನ್ನನ್ನು ಬೈದುಕೊಂಡಾದರೂ ದವಾಖಾನೆಗೆ ಹೋಗುತ್ತಿದ್ದಳೇನೋ...

ಆಚೆಮನೆಗೆ ಬೀಗ ಬಿದ್ದು ಎರಡು ತಿಂಗಳು. ಈಗ ವಾಸನೆ ಗೋಡೆ ದಾಟಿದರೂ ಅಲ್ಲಿ ಯಾರೂ ಇಲ್ಲ. ಆದರೂ ಒಲೆ ಮತ್ತೆ ಹಚ್ಚಲಿಲ್ಲ. ಸೀದ ಸಾಸಿವೆ ಚೆಲ್ಲಿ, ಒಗ್ಗರಣೆ ಸೌಟು ತೊಳೆದು ಮೊಳೆಗೆ ಸಿಕ್ಕಿಸಿದೆ. ಸಾರನ್ನು ಹಾಗೇ ಬಡಿಸಲು ತಟ್ಟೆ ಹಾಕಿದೆ.